ಬಿಸ್ಕೆಟ್ ಡಬ್ಬಿಯ ಮದುವಣಗಿತ್ತಿ

ಮಲಾಡ್
9 ಮಾರ್ಚ್ 2025

ವಾರಿಜಕ್ಕನಿಗೆ ರಾಜೀವಿಯ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆಂಟಾಪ್ ಹಿಲ್‌ನಲ್ಲಿ ನಿಮ್ಮ ಬಿಲ್ಡಿಂಗಿಗೆ ಪೂಜೆಗೆ ಬರುವ ಭಟ್ಟರು ನಿಮ್ಮ ವಿಷಯವನ್ನು ನನ್ನ ಗಂಡ ಮೋನಪ್ಪನವರಿಗೆ ಹೇಳಿದರು. ನಿಮಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಕಿವಿಗೆ ಮಿಶಿನ್ ಹಾಕಿಕೊಳ್ಳಿ ಎಂದವರಿಗೆ ಬೈಯುತ್ತೀರಿ ಎಂದೂ ಹೇಳಿದರು. ಹಾಗಾಗಿ ಈ ಕಾಗದ. ನಮ್ಮ ಮಾತು ತುಳುವಾದರೂ ಬರೆಯಲು ಕೂತರೆ ಬರುವುದು ಕನ್ನಡವೇ. ಊರಿನ ಶಾಲೆಯಲ್ಲಿ ಕಲಿತದ್ದು ಇನ್ನೂ ಕೈಯಲ್ಲಿ ಉಳಿದಿದೆ.

ವಿಷಯಕ್ಕೆ ಬರುತ್ತೇನೆ. ನನ್ನ ಮಗ ತಿಲಕ್ ಆರು ವರ್ಷದವನಿದ್ದಾಗ ಕಾಮಾಲೆಯಲ್ಲಿ ಹೋದ. ಇದ್ದಿದ್ದರೆ ಈಗ ನಲವತ್ತು ದಾಟಿರುತ್ತಿತ್ತು. ಅವನು ಹೋಗಿ ಎಷ್ಟೋ ಕಾಲದ ಮೇಲೆ ಹುಟ್ಟಿದ ಯಕ್ಷಿತಾಳಿಗೆ ನಾವು ಗಂಡು ನೋಡುತ್ತಿದ್ದೇವೆ. ಬಂದ ಸಂಬಂಧವೆಲ್ಲ ಹೊಸ್ತಿಲವರೆಗೆ ಬಂದು ತಿರುಗಿ ಹೋಗುತ್ತಿದೆ. ಊರಿನ ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿಸಿದೆವು. "ಅಣ್ಣನಿಗೆ ಆಗದೆ ತಂಗಿಗೆ ಹೇಗೆ ಆಗ್ತದೆ? ಅವನಿಗೊಂದು ಹೆಣ್ಣು ನೋಡಿ" ಎಂದರು. ಸತ್ತ ಮಕ್ಕಳೂ ನಮ್ಮ ಜೊತೆಗೇ ಬೆಳೆಯುತ್ತಾರೆ, ಅವರಿಗೂ ಮದುವೆಯ ಪ್ರಾಯ ಬರುತ್ತದೆ ಎನ್ನುವುದನ್ನು ನಿಮಗೆ ನಾನು ತಿಳಿಸಬೇಕಾಗಿಲ್ಲ. ಸತ್ತ ಗಂಡಿಗೆ ಸತ್ತ ಹೆಣ್ಣೇ ಆಗಬೇಕು.

ನಿಮ್ಮ ಲಾವಣ್ಯಾ ನಾಲ್ಕು ವರ್ಷದವಳಿದ್ದಾಗ ತೀರಿಕೊಂಡಳೆಂದು ತಿಳಿಯಿತು. ಎರಡು ಮನೆಯ ಕುಲದ ಬಳಿಯೂ ಬೇರೆ ಬೇರೆ, ಸಂಬಂಧಕ್ಕೆ ಅಡ್ಡಿಯಿಲ್ಲ. ನಿಮಗೆ ಒಪ್ಪಿಗೆಯಾದರೆ ಒಂದು ಭಾನುವಾರ ಹೆಣ್ಣು ನೋಡುವ ಶಾಸ್ತ್ರಕ್ಕೆ ಬರುತ್ತೇವೆ. ಯಕ್ಷಿತಾ ಮಾತ್ರ ನಗುತ್ತಾಳೆ. "ಮಮ್ಮಿ, ಸಚ್ ಮೇ? ಭೈಯಾ ಕೀ ಶಾದಿ?" ಎನ್ನುತ್ತಾಳೆ. ನಗಲಿ. ನಾನು ಮಾತ್ರ ಮಗನ ಹೆಣ್ಣಿಗೊಂದು ಸೀರೆ ಆರಿಸುವ ದಿನ ಬರಬಹುದೆಂದು ಎಣಿಸಿಯೇ ಇರಲಿಲ್ಲ.

ಉತ್ತರ ಕಾಯುವ,
ರಾಜೀವಿ


ಆಂಟಾಪ್ ಹಿಲ್
21 ಮಾರ್ಚ್ 2025

ರಾಜೀವಿಯವರೇ,

ಕಾಗದ ಓದಿದೆ. ಇವರಿಗೂ ಓದಲು ಕೊಟ್ಟೆ. ಇವರೆಂದರೆ ನನ್ನ ಗಂಡ ಕೊರಗಪ್ಪ. "ನಿನ್ನ ಇಷ್ಟ" ಎಂದರು. ಮದುವೆಯಾದಾಗಿನಿಂದ ಅವರು ಆಡಿದ ಮಾತಿನಲ್ಲಿ ಅರ್ಧಕ್ಕರ್ಧ ಇದೇ.

ನನಗೆ ಒಪ್ಪಿಗೆ. ಬಿಲ್ಡಿಂಗಿನ ಹೆಂಗಸರು ತಮ್ಮ ಹುಡುಗಿಗೆ ಸಂಬಂಧ ಅಲ್ಲಿಂದ ಬಂತು ಇಲ್ಲಿಂದ ಬಂತು ಎಂದು ಹೇಳಿಕೊಳ್ಳುವಾಗ ನಾನು ಕಿವುಡಿ ಎನ್ನುವುದೇ ಒಳ್ಳೆಯದಾಗುತ್ತಿತ್ತು. ಈಗ ನನ್ನ ಮಗಳಿಗೂ ಒಂದು ಸಂಬಂಧ ಬಂತು. ನಿಮ್ಮ ಕಾಗದ ಹಿಡಿದುಕೊಂಡು ಅತ್ತೆ, ಅದನ್ನು ಹೇಳಲು ನಾಚಿಕೆಯಿಲ್ಲ.

ಹೆಣ್ಣು ನೋಡಲು ಬನ್ನಿ. ಶಾಸ್ತ್ರಕ್ಕಲ್ಲ, ನಿಜವಾಗಿಯೂ ತೋರಿಸುತ್ತೇನೆ. ಇವರು ಆಗ ಪ್ರಭಾದೇವಿಯಲ್ಲಿ ಜಾಹೀರಾತು ಮಾಡುವ ಒಂದು ಸ್ಟುಡಿಯೋದ ಕ್ಯಾಂಟೀನಿನಲ್ಲಿದ್ದರು. ಗುಡಿಯಾ ಬಿಸ್ಕೆಟಿನ ಡಬ್ಬಿಗೆ ಒಂದು ಮಗುವಿನ ಮುಖ ಬೇಕೆಂದು ಸ್ಟುಡಿಯೋದವರು ಹುಡುಕುತ್ತಿದ್ದರು. ಇವರು ನಮ್ಮವಳನ್ನೂ ಕರೆದುಕೊಂಡು ಹೋದರು. ಕೆಂಪು ಫ್ರಾಕ್ ತೊಡಿಸಿ, ಎರಡು ಜುಟ್ಟು ಕಟ್ಟಿ, ಕೈಗೊಂದು ಬಿಸ್ಕೆಟ್ ಕೊಟ್ಟು ಫೋಟೋ ತೆಗೆದರಂತೆ. ಫೋಟೋ ನೋಡಿ ಪೇಂಟರ್ ಚಿತ್ರ ಬರೆದ. ಡಬ್ಬಿ ಪೇಟೆಗೆ ಬರುವ ಮೊದಲೇ ಮಳೆಗಾಲದ ಜ್ವರ ಬಂದು ಮಗು ಹೋಯಿತು. ಆ ದೀಪಾವಳಿಗೆ ಇವರು ಡಬ್ಬಿ ತಂದಾಗ ಮುಚ್ಚಳದ ಮೇಲೆ ನನ್ನ ಮಗಳು ಕೂತಿದ್ದಳು. ನಮ್ಮಲ್ಲಿ ಅವಳ ಬೇರೆ ಒಂದು ಫೋಟೋವೂ ಇಲ್ಲ. ಆಗ ಯಾರ ಹತ್ತಿರ ಕ್ಯಾಮೆರಾ ಇತ್ತು?

ಡಬ್ಬಿ ದೇವರ ಗೂಡಿನಲ್ಲಿದೆ. ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಅವಳನ್ನು ಮಾತಾಡಿಸುತ್ತೇನೆ. ಕಿವಿ ಹೋದ ಮೇಲೆ ನನ್ನ ಹತ್ತಿರ ಮಾತಾಡಲು ಎಲ್ಲರಿಗೂ ಬೇಜಾರು, ಅವಳೊಬ್ಬಳಿಗೆ ಇಲ್ಲ.

ಒಂದೇ ಒಂದು ಕರಾರು. ಧಾರೆಯ ಹೊತ್ತಿಗೆ ಮಣೆಯ ಮೇಲೆ ಅವಳ ಮುಖ ಇರಬೇಕು. ಬರೀ ಸೀರೆಯನ್ನು ಮಡಿಸಿಟ್ಟು ಇದೇ ಮದುಮಗಳು ಎಂದರೆ ನಾನು ಕೈ ಎತ್ತಿ ಕೊಡುವವಳಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೀರೋ ಏನೋ. ಬಂದು ನೋಡಿ ಹೇಳಿ.

ವಾರಿಜಾ


ಮಲಾಡ್
8 ಏಪ್ರಿಲ್ 2025

ವಾರಿಜಕ್ಕಾ,

ನಿಮ್ಮ ಪತ್ರೊಡೆಯ ರುಚಿ ನಮ್ಮವರ ನಾಲಗೆಯಿಂದ ಇನ್ನೂ ಇಳಿದಿಲ್ಲ. ಹೆಣ್ಣು ನೋಡಲು ಬಂದು ಹೀಗೆ ಉಣ್ಣಬಾರದಿತ್ತು ಎಂದು ಟ್ರೇನಿನಲ್ಲಿ ನಾನೇ ಬೈದೆ. ಅವರಿಗೆ ಹುಡುಗಿ ಪೂರಾ ಒಪ್ಪಿಗೆ. ನನಗೆ ಅವಳ ಕೆನ್ನೆ ಇಷ್ಟವಾಯಿತು. ಆದರೆ ಅಕ್ಕಾ, ಡಬ್ಬಿಗೆ ಎಷ್ಟು ತುಕ್ಕು ಹಿಡಿದಿದೆ. ಒಂದು ಕಣ್ಣು, ಹಣೆಯ ಅರ್ಧ ಹೋಗಿಯೇ ಬಿಟ್ಟಿದೆ. ನೀವು ಅದನ್ನು ಸೆರಗಿನಿಂದ ಒರೆಸಿ ಒರೆಸಿ ತೋರಿಸುವಾಗ ಯಕ್ಷಿತಾ ನಗುವುದನ್ನು ನಿಲ್ಲಿಸಿದಳು. ನೀವು ಗಮನಿಸಿರಬೇಕು.

ಅವಳು ಡಬ್ಬಿಯ ಫೋಟೋ ಮೊಬೈಲಿನಲ್ಲಿ ತೆಗೆದಿದ್ದಳಲ್ಲ, ಅದನ್ನೇ ಹಾಕಿ ಹುಡುಕಿದಳಂತೆ. ಈಗ ಹಳೆಯ ಸಿನಿಮಾ ಪೋಸ್ಟರ್, ಇರಾನಿ ಹೋಟೆಲಿನ ಕುರ್ಚಿ, ಸೋಡಾ ಬಾಟ್ಲಿ, ಟ್ರಾಮಿನ ಟಿಕೇಟು, ಹೀಗೆ ನಾವು ಗುಜರಿಯ ಭಂಗಾರ್‌ವಾಲಾನಿಗೆ ಹಾಕಿದ್ದನ್ನೆಲ್ಲ ಫೋರ್ಟಿನಲ್ಲಿ ಹರಾಜು ಹಾಕುತ್ತಾರೆ. ದೊಡ್ಡವರು ಬಂದು ಕೊಂಡುಹೋಗುತ್ತಾರೆ. ಮೇ ತಿಂಗಳಿನ ಹರಾಜಿನಲ್ಲಿ ಗುಡಿಯಾ ಬಿಸ್ಕೆಟಿನ ಚಿತ್ರವಿದೆ! ಡಬ್ಬಿಯಲ್ಲ, ಪೇಂಟರ್ ಕೈಯಿಂದ ಬರೆದ ಮೂಲ ಚಿತ್ರ. ಯಕ್ಷಿತಾ ದೊಡ್ಡದು ಮಾಡಿ ತೋರಿಸಿದಳು. ಎರಡು ಕಣ್ಣೂ ಇದೆ, ಪೂರಾ ಹಣೆ ಇದೆ, ತುಟಿಯ ಮೇಲೆ ಬಿಸ್ಕೆಟಿನ ಪುಡಿ ಕೂಡ ಇದೆ. ಕೆಳಗೆ ಇಂಗ್ಲಿಷಿನಲ್ಲಿ, ಮಾಡೆಲ್ ಯಾರೆಂದು ತಿಳಿದಿಲ್ಲ ಎಂದು ಬರೆದಿದ್ದಾರೆ.

ನಮ್ಮವರಿಗೆ ಹೇಳಿದೆ. ದುಡ್ಡಿನ ವಿಷಯದಲ್ಲಿ ಅವರು ಹೇಗೆಂದು ನಿಮಗೆ ಗೊತ್ತಿಲ್ಲ, ತಾವು ನಡೆಸುವ ಕ್ಯಾಂಟೀನಿನಲ್ಲಿ ಕರಿಬೇವನ್ನೂ ಅಳೆದು ಹಾಕಿಸುವವರು. ಅವರು ಹೇಳಿದ್ದು ಏನು ಗೊತ್ತಾ? "ಸೊಸೆಯನ್ನು ಹರಾಜಿನಲ್ಲಿ ಬಿಟ್ಟು ಬರ್ಲಿಕ್ಕೆ ಆಗ್ತದಾ?"

ಹರಾಜಿಗೆ ಮೊದಲು ಸಾಮಾನು ನೋಡಲು ಬಿಡುತ್ತಾರಂತೆ. ಯಕ್ಷಿತಾ ನಿಮ್ಮನ್ನು ಕರೆದುಕೊಂಡು ಹೋಗುತ್ತಾಳೆ. ಕೊರಗಪ್ಪಣ್ಣನೂ ಬರಲಿ.

ರಾಜೀವಿ


ಆಂಟಾಪ್ ಹಿಲ್
27 ಏಪ್ರಿಲ್ 2025

ರಾಜೀವಿ,

ನೋಡಿ ಬಂದೆ. ನೋಡಿ ಬಂದದ್ದನ್ನು ಬರೆಯಲು ಒಂದು ವಾರ ಬೇಕಾಯಿತು.

ಇವರು ಬರಲಿಲ್ಲ. ಮೊಣಕಾಲು ನೋವಂತೆ. ಹಾಲು ತರಲು ರಸ್ತೆ ಮೂಲೆಯ ನಾಕಾದವರೆಗೆ ನಡೆಯುವಾಗ ಇಲ್ಲದ ನೋವು. ನಾನು, ಯಕ್ಷಿತಾ ಜಿಟಿಬಿ ನಗರದಿಂದ ಲೋಕಲ್ ಹಿಡಿದು ಹೋದೆವು. ನಿಮ್ಮ ಮಗಳಿಗೆ ಕನ್ನಡ ತಡವರಿಸಿ ತಡವರಿಸಿ ಬರುತ್ತದೆ, ಆದರೂ ನನ್ನ ಕಿವಿಯ ಹತ್ತಿರ ಬಂದು ಹೇಳುತ್ತಾಳೆ. ಈ ಹುಡುಗಿಯನ್ನು ಬೇಡವೆಂದು ಹೋದ ಗಂಡುಗಳಿಗೆ ಕಣ್ಣಿಲ್ಲ.

ಹಾಲ್ ಎಂದರೆ ಮೈ ನಡುಗುವ ಏಸಿ. ಗೋಡೆಯ ಮೇಲೆಲ್ಲ ಹಳೆಯ ಸಾಮಾನು. ನಮ್ಮ ಊರಿನವರ ಹೋಟೆಲಿನಲ್ಲಿರುತ್ತಿದ್ದ ಟೋಕನ್ ಬಿಲ್ಲೆ, ಪಿಂಗಾಣಿ ಬರಣಿ, ಮಸಿ ಹಿಡಿದ ಹಿತ್ತಾಳೆ ಬಾಯ್ಲರು, ಎಲ್ಲದಕ್ಕೂ ಒಂದೊಂದು ಲೈಟು. ಕೊನೆಯ ಗೋಡೆಯಲ್ಲಿ ಅವಳು. ರಾಜೀವಿ, ನನ್ನ ಕಾಲು ಅಲ್ಲೇ ನಿಂತಿತು. ತುಕ್ಕಿನ ಹಿಂದೆ ಹೋದ ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಮಲ್ಲಿಗೆ ತೆಗೆದುಕೊಂಡು ಹೋಗಿದ್ದೆ. ಚಿತ್ರದ ಚೌಕಟ್ಟಿಗೆ ಸಿಕ್ಕಿಸಲು ಹೋದರೆ ವಾಚ್‌ಮನ್ ಓಡಿ ಬಂದು, "ಮಾಯೀ, ಹಾಥ್ ಮತ್ ಲಗಾವೋ" ಎಂದ. ಪಕ್ಕದಲ್ಲಿ ಒಂದು ಜೋಡಿ ನಿಂತು, ಕ್ಯೂಟ್ ಕ್ಯೂಟ್ ಎನ್ನುತ್ತಿತ್ತು. ನನ್ನ ಮಗುವನ್ನು ಮುಟ್ಟಲು ನನಗೆ ಬಿಡುವುದಿಲ್ಲ, ನೋಡಿ ನಗಲು ಊರಿಗೆಲ್ಲ ಬಿಡುತ್ತಾರೆ.

ನನಗೆ ಸಿಟ್ಟು ಬಂತು. ಮಾಡೆಲ್ ಯಾರೆಂದು ತಿಳಿದಿಲ್ಲ ಎನ್ನುವ ಚೀಟಿ ಬೇರೆ. ಅಲ್ಲಿಯ ಮ್ಯಾನೇಜರನ್ನು ಕರೆಸಿ ಹೇಳಿದೆ, ಯಾಕೆ ತಿಳಿದಿಲ್ಲ? ಇವಳು ಲಾವಣ್ಯಾ, ನನ್ನ ಮಗಳು, ಈಗ ಇಲ್ಲ, ಬರೆದುಕೊಳ್ಳಿ. ನನ್ನ ಸ್ವರ ಸ್ವಲ್ಪ ದೊಡ್ಡದು, ಹಾಲ್ ಪೂರಾ ತಿರುಗಿ ನೋಡಿತು. ಯಕ್ಷಿತಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಅವನು ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರು ತಂದುಕೊಂಡು ಹೆಸರು ಬರೆದುಕೊಂಡ. ಹಣೆಬರಹಕ್ಕೆ ಹೆಸರಿಲ್ಲದೆ ಹೋಗಿದ್ದವಳಿಗೆ ಹೆಸರು ಹಾಕಿಸಿ ಬಂದೆ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದರೆ, "ಹೆಸರು ಯಾಕೆ ಕೊಟ್ಟೆ?" ಎಂದು ಕೇಳಿದರು. ಎಂಥ ತಂದೆಯೋ.

ವಾರಿಜಾ


ಮಲಾಡ್
12 ಮೇ 2025

ವಾರಿಜಕ್ಕಾ, ಸಿಹಿ ಮಾಡಿ!

ಹುಡುಗಿ ಸಿಕ್ಕಿದಳು. ಹರಾಜಿನಲ್ಲಿ ಕೈ ಎತ್ತಲು ನಂಬರ್ ಬರೆದ ಒಂದು ಬೀಸಣಿಗೆಯಂಥದ್ದು ಕೊಡುತ್ತಾರೆ. ಯಕ್ಷಿತಾ ಅದನ್ನು ಹಿಡಿದುಕೊಂಡಿದ್ದಳು. ನಮ್ಮ ಎದುರು ಸಾಲಿನಲ್ಲಿ ಬಾಂದ್ರಾದಲ್ಲಿ ಕೆಫೆ ಇಡುವ ಒಬ್ಬ, ಅವನಿಗೆ ಚಿತ್ರ ಗೋಡೆಗೆ ಬೇಕಂತೆ. ಇವಳು ಎತ್ತಿದ ಕೂಡಲೇ ಅವನು ಎತ್ತುವುದು. ಹೀಗೇ ಮೇಲೆ ಮೇಲೆ ಹೋಗುವಾಗ ನಮ್ಮವರು ಎದ್ದು ನಿಂತರು. ಎಲ್ಲರ ಎದುರು ಕೈ ಮುಗಿದು, "ಭಾಯಿಸಾಬ್, ಛೋಡ್ ದೋ. ಯೇ ಹಮಾರಾ ಬಹೂ ಹೈ!" ಎಂದು ಸೊಸೆಯನ್ನು ಬೇಡಿಯೇ ಬಿಟ್ಟರು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಹರಾಜು ಕೂಗುವವನು ಸುತ್ತಿಗೆ ಹಿಡಿದುಕೊಂಡೇ ನಿಂತ. ಕೆಫೆಯವನು ಇವರ ಮುಖ ನೋಡಿದ, ಮತ್ತೆ ಕೈ ಎತ್ತಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವರು ಅತ್ತರು. ತಿಲಕ್ ಹೋದಾಗ ಕ್ಯಾಂಟೀನ್ ಒಂದು ದಿನವೂ ಮುಚ್ಚದೆ ಇದ್ದ ಮನುಷ್ಯ ಅವರು.

ಚಿತ್ರವನ್ನು ನೇರ ನಿಮ್ಮಲ್ಲಿಗೇ ಕಳಿಸುತ್ತಿದ್ದೇವೆ. ಮದುವೆಯವರೆಗೆ ಹೆಣ್ಣು ತಾಯಿಯ ಮನೆಯಲ್ಲಿ ಇರಬೇಕು, ಅದೇ ಕ್ರಮ. ಸತ್ತವರ ಮದುವೆಗೆ ಆಟಿ ತಿಂಗಳೇ ಸರಿ, ಜುಲೈ ಮಧ್ಯದ ಮೇಲೆ ದಿನ ನೋಡಿಸುತ್ತೇನೆ.

ನಿಮ್ಮ ಬೀಗಿತ್ತಿ,
ರಾಜೀವಿ


ಆಂಟಾಪ್ ಹಿಲ್
20 ಮೇ 2025

ಬೀಗಿತ್ತಿಯವರಿಗೆ,

ಮಗಳು ಮನೆಗೆ ಬಂದಳು. ಬಿಲ್ಡಿಂಗಿಗೆಲ್ಲ ಬಾಳೆಹಣ್ಣು ಹಂಚಿದೆ. ಪಕ್ಕದ ಕಸ್ತೂರಿಬಾಯಿ ಆರತಿ ಎತ್ತಿ ಒಳಗೆ ಕರೆದಳು. ಎಲ್ಲರಿಗೂ ಒಂದೇ ಮಾತು, ಬಾಯಿ ಪೂರಾ ನಿನ್ನದೇ ವಾರಿಜಾ ಎಂದು. ನಿಮ್ಮ ಋಣ ಯಾವ ಜನ್ಮದಲ್ಲಿ ತೀರಿಸುತ್ತೇನೋ ಗೊತ್ತಿಲ್ಲ.

ಅವಳಿಗೆ ಹಸಿರು ಸೀರೆ ಆರಿಸಿ ಇಟ್ಟಿದ್ದೇನೆ, ಜರಿ ಸಣ್ಣದು. ಬಳೆ ಯಾವ ಅಳತೆಯದ್ದು ತರಲಿ ಎಂದು ಅಂಗಡಿಯಲ್ಲಿ ನಿಂತು ಯೋಚಿಸಿದೆ. ನಾಲ್ಕು ವರ್ಷದ ಕೈಗೋ, ನಲವತ್ತರ ಕೈಗೋ? ಕೊನೆಗೆ ನನ್ನ ಅಳತೆಯದ್ದೇ ತಂದೆ.

ಇವರದ್ದೇ ಒಂದು ತಲೆನೋವು. ಚಿತ್ರ ಬಂದಂದಿನಿಂದ ಗೋಡೆಯ ಕಡೆ ಬೆನ್ನು ಹಾಕಿ ಉಣ್ಣುತ್ತಾರೆ. ಸಂಜೆಯಾದರೆ ಕೆಳಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾರೆ. ಮಗಳನ್ನು ಕಳಿಸಿಕೊಡುವ ತಂದೆಗೆ ಹೀಗೆಲ್ಲ ಆಗುತ್ತದಂತೆ, ಕಸ್ತೂರಿಬಾಯಿ ಹೇಳಿದಳು.

ನಿಮ್ಮ
ವಾರಿಜಾ


ಮಲಾಡ್
14 ಜೂನ್ 2025

ಅಕ್ಕಾ,

ಈ ಕಾಗದವನ್ನು ಬರೆದು ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ. ಕೂತುಕೊಂಡು ಓದಿ. ಹತ್ತಿರ ಯಾರಾದರೂ ಇರಲಿ.

ಹರಾಜಿನ ಮ್ಯಾನೇಜರ್ ನೀವು ಹೇಳಿದ್ದನ್ನು ಬರೆದುಕೊಂಡಿದ್ದರಲ್ಲ, ಅದನ್ನು ಚಿತ್ರದ ಜೊತೆ ಇಂಟರ್‌ನೆಟ್ಟಿಗೆ ಹಾಕಿದರಂತೆ. ಬಿಸ್ಕೆಟ್ ಹುಡುಗಿ ಯಾರೆಂದು ತಿಳಿಯಿತು, ದಿವಂಗತ ಲಾವಣ್ಯಾ, ಮನೆಯವರು ಅವಳನ್ನು ಮನೆಗೆ ಕರೆದುಕೊಂಡು ಹೋದರು ಎಂದು. ಸಾವಿರಾರು ಜನ ಓದಿ ಅತ್ತರಂತೆ. ಥಾಣೆಯಲ್ಲಿರುವ ಮೃಣಾಲ್ ಎಂಬ ಒಬ್ಬ ಹೆಂಗಸೂ ಓದಿದಳು. ಬ್ಯಾಂಕಿನಲ್ಲಿ ಕೆಲಸ ಅವಳಿಗೆ. ಹರಾಜಿನವರಿಂದ ನಂಬರ್ ಪಡೆದು ಯಕ್ಷಿತಾಳಿಗೆ ಫೋನ್ ಮಾಡಿ, "ಆ ಮಗು ನಾನು. ನಾನು ಬದುಕಿದ್ದೇನೆ" ಎಂದಳು.

ಸುಳ್ಳಿರಬಹುದು ಎಂದು ನಾನು ಜಗಳಕ್ಕೇ ನಿಂತೆ. ಅವಳು ಆ ದಿನ ಸ್ಟುಡಿಯೋದಲ್ಲಿ ತೆಗೆದ ಒಂದು ಫೋಟೋ ಕಳಿಸಿದಳು. ಅದೇ ಫ್ರಾಕ್, ಅದೇ ಜುಟ್ಟು, ಬಾಯಿಯ ಹತ್ತಿರ ಅದೇ ಬಿಸ್ಕೆಟ್. ಚಿತ್ರದ ಮುಖವೇ ಅಕ್ಕಾ. ಅವಳ ಭುಜದ ಮೇಲೆ ಅವಳ ತಾಯಿಯ ಕೈ ಇದೆ.

ನಿಮ್ಮ ಲಾವಣ್ಯಾಳದ್ದೂ ತೆಗೆದಿದ್ದರಲ್ಲ ಎಂದು ಯಕ್ಷಿತಾ ಎಲ್ಲ ಕಡೆ ವಿಚಾರಿಸಿದಳು. ಸ್ಟುಡಿಯೋ ಇದ್ದ ಕಟ್ಟಡ ಬಿದ್ದು ಅಲ್ಲಿ ಟವರ್ ಎದ್ದು ವರ್ಷಗಳಾದವು. ಉಳಿದದ್ದು ಈ ಒಂದು ಚಿತ್ರ ಮಾತ್ರ, ಉಳಿದ ಕಾಗದ ಪತ್ರವೆಲ್ಲ ಆಗಲೇ ಭಂಗಾರಿಗೆ ಹೋಗಿದೆ.

ನಿಮಗೆ ಹೇಳದೇ ಇದ್ದುಬಿಡೋಣ ಎಂದು ನಮ್ಮವರ ಹತ್ತಿರ ಹೇಳಿದೆ. ಚಿತ್ರ ಇಟ್ಟು ಮದುವೆ ಮಾಡಿ ಮುಗಿಸಿದರೆ ಯಾರಿಗೆ ಗೊತ್ತಾಗುತ್ತದೆ? ಅವರು, "ಬದುಕಿರುವವಳ ಮುಖವನ್ನು ಸತ್ತವರ ಮಣೆಯಲ್ಲಿ ಇಡುದಾ? ಅವಳಿಗೂ ಒಂದು ಸಂಸಾರ ಉಂಟಲ್ಲ" ಎಂದರು. ಆ ಮೇಲೆಯೇ ಈ ಕಾಗದಕ್ಕೆ ಕೂತೆ.

ಕೊರಗಪ್ಪಣ್ಣನನ್ನು ಕೇಳಿ ನೋಡಿ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಿ, ಪರವಾಗಿಲ್ಲ.

ರಾಜೀವಿ


ಆಂಟಾಪ್ ಹಿಲ್
22 ಜೂನ್ 2025

ರಾಜೀವಿಯವರೇ,

ಸಂಬಂಧ ಬೇಡವಾದರೆ ಬೇಡವೆಂದು ಹೇಳಿ. ಬದುಕಿರುವ ಹೆಣ್ಣುಗಳನ್ನು ಬೇಡವೆನ್ನಲು ಬಣ್ಣ, ಕುಳ್ಳು, ಜಾತಕ ಎಂದು ನೆಪ ಹೇಳುವವರನ್ನು ನೋಡಿದ್ದೇನೆ. ಸತ್ತ ಹೆಣ್ಣಿಗೂ ಇಂಥ ನೆಪ ಹುಡುಕಿದವರು ನೀವೇ ಮೊದಲು. ಹೆತ್ತ ತಾಯಿಗೆ ಮಗುವಿನ ಗುರುತು ಇರುವುದಿಲ್ಲವೇ? ಥಾಣೆಯಲ್ಲಿ ಕೂತ ಯಾರೋ ಬಂದು ನನಗೆ ಹೇಳಬೇಕೇ?

ಚಿತ್ರಕ್ಕೆ ನೀವು ಕೊಟ್ಟದ್ದನ್ನು ನನ್ನ ಬಳೆ ಮಾರಿಯಾದರೂ ತೀರಿಸುತ್ತೇನೆ. ಮತ್ತೆ ಬರೆಯಬೇಡಿ.

ವಾರಿಜಾ


ಆಂಟಾಪ್ ಹಿಲ್
13 ಜುಲೈ 2025

ರಾಜೀವಿ,

ಹಿಂದಿನ ಕಾಗದವನ್ನು ಒಲೆಗೆ ಹಾಕಿ.

ನಿಮಗೆ ಹಾಗೆ ಬರೆದ ಮೇಲೂ ಇವರನ್ನು ಕೇಳುವ ಧೈರ್ಯ ಇರಲಿಲ್ಲ. ಮೊನ್ನೆ ಶುಕ್ರವಾರ ಊಟಕ್ಕೆ ಬಡಿಸಿ, ಚಿತ್ರವನ್ನು ಗೋಡೆಯಿಂದ ತೆಗೆದು ಅವರ ಎದುರು ಇಟ್ಟು ಕೇಳಿದೆ, ಇದು ಯಾರು? ಅವರು ತುಟಿಯಲ್ಲೇ ಏನೋ ಹೇಳಿದರು. ಕೇಳುವುದಿಲ್ಲ, ಜೋರು ಹೇಳಿ ಎಂದೆ. ಮತ್ತೆ ಹೇಳಿದರು. ಜೋರು ಎಂದೆ. ಆಗ ಆ ಮನುಷ್ಯ, ಜನ್ಮದಲ್ಲಿ ಸ್ವರ ಎತ್ತದವರು, ಕೂಗಿದರು. "ನಮ್ಮ ಮಗು ಅಲ್ಲ ಮಾರಾಯ್ತಿ! ನಮ್ಮದಲ್ಲ!"

ಕಸ್ತೂರಿಬಾಯಿ ಬಾಗಿಲಿಗೆ ಬಂದಳು. ಮೇಲಿನ ಮನೆಯವರೂ ಇಳಿದು ಬಂದರು. ನನಗೆ ಕೇಳಿಸಬೇಕಾದರೆ ಬಿಲ್ಡಿಂಗಿಗೆಲ್ಲ ಕೇಳಿಸಲೇಬೇಕು. ಕಿವುಡಿಯ ಮನೆಯಲ್ಲಿ ಗುಟ್ಟು ಹೇಳುವುದು ಹೀಗೆ. ಅವರು ಅಳುತ್ತಾ, ಎಲ್ಲರ ಎದುರು, ಒಂದೊಂದೇ ಮಾತನ್ನು ಕೂಗಿ ಕೂಗಿ ಹೇಳಿದರು.

"ಫೋಟೋ ತೆಗೆದದ್ದು ಹೌದು. ಆರಿಸಿದ್ದು ಬೇರೆ ಮಗುವನ್ನು. ಅದಕ್ಕೆ ಹಾಲು ಬಿಸಿ ಮಾಡಿ ಕೊಟ್ಟದ್ದು ನಾನೇ. ದೀಪಾವಳಿಗೆ ಸ್ಟಾಫಿಗೆಲ್ಲ ಒಂದೊಂದು ಡಬ್ಬಿ ಕೊಟ್ಟರು. ನಾನು ಬಿಸ್ಕೆಟ್ ಅಂತ ತಂದದ್ದು, ಬೇರೆ ಎಂತದೂ ಇಲ್ಲ. ನೀನು ಚಾಪೆಯಿಂದ ಎದ್ದು ಬಂದೆ. ಬಂದ್ಳಲ್ಲ, ನನ್ನ ಮಗು ಬಂತಲ್ಲ ಅಂತ ಹೇಳಿ ಡಬ್ಬಿ ಎದೆಗೆ ಹಿಡ್ಕೊಂಡೆ. ಮತ್ತೆ ಗಂಜಿ ಕೇಳಿದೆ. ಮಗು ಹೋದ ಮೇಲೆ ನೀನಾಗಿ ಕೇಳಿ ಉಂಡದ್ದು ಆ ದಿನ. ನಾನು ಹೇಗೆ ಹೇಳುದು ಅಲ್ಲ ಅಂತ? ನಾಳೆ ಹೇಳುವ, ನಾಡ್ದು ಹೇಳುವ ಅಂತ ಇದ್ದೆ."

ನೋಡಿ ರಾಜೀವಿ, ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದು ನಾನು. ಅವರು ಇಲ್ಲ ಎನ್ನಲಿಲ್ಲ, ಅಷ್ಟೇ.

ಎಲ್ಲರೂ ಹೋದ ಮೇಲೆ ಇನ್ನೊಂದು ಕೇಳಿದೆ. ಆಯಿತು, ಹಾಗಾದರೆ ನಮ್ಮವಳು ಹೇಗಿದ್ದಳು ಹೇಳಿ ಎಂದೆ. ನನಗೆ ನೆನಪಾಗುತ್ತಿಲ್ಲ. ಕಣ್ಣು ಮುಚ್ಚಿದರೆ ಈ ಬಿಸ್ಕೆಟಿನ ಹುಡುಗಿಯೇ ಬಂದು ಕೂರುತ್ತಾಳೆ. ಜ್ವರದಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದು ನೆನಪಿದೆ, ಮೈಯ ಬಿಸಿ ನೆನಪಿದೆ, ಮುಖ ನೋಡಿದರೆ ಇವಳದ್ದು. ನೀವು ಹೇಳಿ, ನಿಮಗೆ ಗೊತ್ತಿತ್ತಲ್ಲ ಎಂದೆ. ಅವರು "ಮೂಗು..." ಎಂದು ಶುರು ಮಾಡಿದರು. ಅಲ್ಲೇ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು, ತುಟಿ ನೋಡಿ ನನಗೆ ಅರ್ಥವಾಯಿತು. "ನನಗೂ ಈಗ ಇದೇ ಮುಖ ಬರುದು, ವಾರಿಜಾ."

ನಾನು ಹೇಳಿದ್ದೆಲ್ಲ, ಅತ್ತದ್ದೆಲ್ಲ, ಅವಳು ಹೋದ ದಿನಕ್ಕೆ ಪಾಯಸ ಇಟ್ಟದ್ದು, ಎಲ್ಲ ಬೇರೆಯವರ ಮಗುವಿನ ಎದುರು. ನನ್ನ ಮಗು ಎಲ್ಲಿ ನಿಂತು ನೋಡುತ್ತಿತ್ತೋ ಏನೋ. ನಾವಿಬ್ಬರೂ ಸೇರಿ ಅವಳನ್ನು ಎರಡನೇ ಸಲ ಸಾಯಿಸಿದೆವು.

ಇನ್ನೂ ಒಂದು ಹೆದರಿಕೆ. ಬದುಕಿದ್ದ ಮಗುವಿನ ಎದುರು ಸತ್ತವರಿಗೆ ಇಡುವ ಎಡೆ ಇಟ್ಟೆನಲ್ಲ. ಆ ಹುಡುಗಿ ಚೆನ್ನಾಗಿದ್ದಾಳಾ? ಮಕ್ಕಳುಮರಿ ಉಂಟಾ? ಕೇಳಿ ಬರೆಯಿರಿ.

ವಾರಿಜಾ


ಮಲಾಡ್
19 ಜುಲೈ 2025

ವಾರಿಜಕ್ಕಾ,

ಮೃಣಾಲ್ ಚೆನ್ನಾಗಿದ್ದಾಳೆ. ಇಬ್ಬರು ಮಕ್ಕಳು. ತಾಯಿ ಹಾಸಿಗೆ ಹಿಡಿದಿದ್ದಾರೆ, ಅವರಿಗೊಮ್ಮೆ ಚಿತ್ರ ತೋರಿಸಬೇಕೆಂದು ಇವಳ ಆಸೆ. ನೀವು ಕೊಟ್ಟರೆ ತೆಗೆದುಕೊಂಡು ಹೋಗುತ್ತಾಳೆ, ಇಲ್ಲವಾದರೆ ಕೇಳುವುದಿಲ್ಲ. ದುಡ್ಡಿನ ಮಾತು ನೀವೂ ಎತ್ತಬೇಡಿ, ಅವಳೂ ಎತ್ತಬಾರದೆಂದು ನಮ್ಮವರು ಹೇಳಿದ್ದಾರೆ.

ನಮ್ಮ ಮನೆಗೆ ಲಾವಣ್ಯಾ ಬೇಕು. ಚಿತ್ರ ನೋಡಿ ಕೆನ್ನೆ ಇಷ್ಟವಾಯಿತು ಎಂದು ನಾನು ಬರೆದಿದ್ದೆ, ಅದನ್ನು ಮರೆತುಬಿಡಿ. ನಮ್ಮ ಹಿರಿಯರು ಸೀರೆ ಮಡಿಸಿಟ್ಟೇ ಎಷ್ಟೋ ಮದುವೆ ಮಾಡಿದ್ದಾರೆ. ಆಗಸ್ಟ್ ಹತ್ತನೇ ತಾರೀಕು ಭಾನುವಾರ, ನಮ್ಮ ಫ್ಲಾಟಿನಲ್ಲೇ. ಸೊಸೈಟಿಯವರಿಗೆ ಸಣ್ಣ ಪೂಜೆ ಎಂದು ಹೇಳಿದ್ದೇನೆ. ಮದುವೆಯಾಗದವರು ನೋಡಬಾರದು ಎಂದು ಯಕ್ಷಿತಾಳನ್ನು ಚಿಕ್ಕಮ್ಮನ ಮನೆಗೆ ಕಳಿಸುತ್ತೇವೆ. ಹರಾಜಿನಲ್ಲಿ ಕೈ ಎತ್ತಿದವಳಿಗೆ ಊಟಕ್ಕೆ ಕರೆಯಿಲ್ಲವೇ ಎಂದು ಜಗಳವಾಡುತ್ತಿದ್ದಾಳೆ.

ಬರುತ್ತೀರಲ್ಲ ಅಕ್ಕಾ?

ರಾಜೀವಿ


ಆಂಟಾಪ್ ಹಿಲ್
15 ಆಗಸ್ಟ್ 2025

ರಾಜೀವಿ,

ಮಗಳನ್ನು ಕಳಿಸಿಕೊಟ್ಟ ಮನೆ ಹೇಗಿರುತ್ತದೆಂದು ಈಗ ತಿಳಿಯಿತು.

ಮದುವೆಯ ಹಿಂದಿನ ವಾರ ಮೃಣಾಲ್ ಬಂದಿದ್ದಳು. ಇದನ್ನು ನಿಮಗೆ ಅಲ್ಲಿ ಹೇಳಲಾಗಲಿಲ್ಲ. ಕನ್ನಡಕ ಹಾಕಿದ್ದಾಳೆ, ಸ್ವಲ್ಪ ದಪ್ಪ. ಬಾಗಿಲು ತೆರೆದಾಗ, ನನ್ನ ಮಗಳು ದೊಡ್ಡವಳಾಗಿ ಬಂದು ನಿಂತ ಹಾಗೆ. ನಾನು ದಿನಾ ಒರೆಸಿದ ಹಣೆ, ಕುಂಕುಮ ಹಚ್ಚಿದ ಹಣೆ. ಅವಳು ಕಾಲಿಗೆ ಬಗ್ಗಿದಳು. ಎತ್ತಿ ಹಿಡಿದುಕೊಂಡೆ, ಬಿಡಲು ಮನಸ್ಸಾಗಲಿಲ್ಲ. ಆದರೂ ಬಿಟ್ಟೆ. ಅವಳ ತಾಯಿ ಥಾಣೆಯಲ್ಲಿ ಕಾಯುತ್ತಿದ್ದಾಳೆ. ನನ್ನ ಪಾಯಸದಿಂದ ಅವಳಿಗೆ ಕೆಟ್ಟದ್ದೇನೂ ಆಗಿಲ್ಲವಂತೆ, ನಗುತ್ತಾ ಹೇಳಿದಳು. ಇವರೇ ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಟ್ಯಾಕ್ಸಿಯವರೆಗೆ ಹೊತ್ತುಕೊಂಡು ಹೋದರು.

ಅವಳು ಆ ಹಳೆಯ ಫೋಟೋ ತಂದಿದ್ದಳು. ಅದರಲ್ಲಿ ಅವಳ ಹಿಂದೆ ಮೂಲೆಯಲ್ಲಿ ಒಂದು ಬೆಂಚು ಇದೆ. ಬೆಂಚಿನ ಮೇಲೆ ಇನ್ನೊಂದು ಮಗು ಆ ಕಡೆ ತಿರುಗಿ ಕೂತಿದೆ. ಬೆನ್ನು, ಎರಡು ಜುಟ್ಟು, ಅಷ್ಟೇ. "ಆಂಟಿ, ಯೇ ಹೋಗೀ ಕ್ಯಾ?" ಎಂದು, ಇದೇ ನಿಮ್ಮ ಮಗಳಿರಬಹುದಾ ಎಂದು ಅವಳು ಕೇಳಿದಳು. ಇವರು ನನ್ನ ಮುಖ ನೋಡಿದರು. ಇರಬಹುದು ರಾಜೀವಿ. ಆ ದಿನ ಅಲ್ಲಿ ಎಷ್ಟೋ ಮಕ್ಕಳು ಬಂದಿದ್ದರು. ಗೊತ್ತಿಲ್ಲ ಎಂದೆ. ಫೋಟೋದ ಕಾಪಿ ಕೊಡುತ್ತೇನೆ ಎಂದಳು, ಬೇಡ ಎಂದೆ. ಇನ್ನೊಬ್ಬರ ಮಗುವನ್ನು ನನ್ನದೆಂದು ಹಿಡಿದುಕೊಳ್ಳುವ ಶಕ್ತಿ ಮತ್ತೆ ನನಗಿಲ್ಲ.

ಮದುವೆ ಚೆನ್ನಾಗಿ ಮಾಡಿದಿರಿ. ಮಣೆಯ ಮೇಲೆ ಬರೀ ಸೀರೆ ಇಟ್ಟರೆ ಕೊಡುವವಳಲ್ಲ ಎಂದು ನಾನೇ ಬರೆದಿದ್ದೆ. ಕೊಟ್ಟೆ. ಇವರು ಧಾರೆ ಎರೆಯುವಾಗ ತಂಬಿಗೆ ವಾಲಿ ನೀರು ಸೀರೆಯ ಮೇಲೆ ಬಿತ್ತಲ್ಲ, ಆಗ ನೀವು ಸೆರಗಿನಿಂದ ಒತ್ತಿ ಒರೆಸಿದಿರಿ, ಮಗುವಿನ ಮೈ ಒರೆಸುವ ಹಾಗೆ ಮೆಲ್ಲಗೆ. ನನಗೆ ಅಷ್ಟು ಸಾಕಾಯಿತು. ಅವಳು ಒಳ್ಳೆಯ ಮನೆ ಸೇರಿದಳು. ತಿಲಕನ ಶಾಲೆಯ ಫೋಟೋದ ಪಕ್ಕದಲ್ಲಿ ಆ ಹಸಿರು ಸೀರೆ ಮಡಿಸಿಟ್ಟದ್ದನ್ನು ಬಾಗಿಲಿನಿಂದ ತಿರುಗಿ ನೋಡಿ ಬಂದೆ.

ಇಲ್ಲಿ ಇವರು ಡಬ್ಬಿಯನ್ನು ಏನು ಮಾಡುವುದೆಂದು ಕೇಳಿದರು. ಸಮುದ್ರಕ್ಕೆ ಬಿಡಿ ಎಂದೆ. ಇವತ್ತು ಬೆಳಿಗ್ಗೆ ಹೋಗಿ ಬಿಟ್ಟು ಬಂದರು. ದೀಪ ಹಚ್ಚಿ ಕೂತೆ. ಏನು ಮಾತಾಡಬೇಕೆಂದು ತಿಳಿಯಲಿಲ್ಲ, ಎದ್ದು ಬಂದೆ.

ಇನ್ನು ಅವಳು ನಿಮ್ಮವಳು. ನಾನು ತಪ್ಪು ಬಾಗಿಲಲ್ಲಿ ಕೂತು ಕರೆದದ್ದಕ್ಕೆ ನನ್ನ ಹತ್ತಿರ ಅವಳು ಬಾರದೆ ಇರಬಹುದು. ಅತ್ತೆಯ ಕನಸಿಗಾದರೂ ಒಂದು ದಿನ ಬಂದಾಳು. ಬಂದರೆ ನನ್ನ ಸುದ್ದಿ ಎತ್ತಬೇಡಿ. ಮುಖ ಮಾತ್ರ ಸರಿಯಾಗಿ ನೋಡಿಕೊಳ್ಳಿ. ಎದ್ದ ಕೂಡಲೇ, ಮರೆಯುವ ಮೊದಲು, ನನ್ನ ಮಗಳು ಹೇಗಿದ್ದಾಳೆಂದು ನನಗೆ ಬರೆಯಿರಿ.

ನಿಮ್ಮ ಬೀಗಿತ್ತಿ,
ವಾರಿಜಾ